‘ಗೆಟ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ: ಸಿಗು, ಆಗು, ಮಾಡಿಸು ಹಿಡಿದು ಹೋಗುವ ಸಮಗ್ರ ಮಾರ್ಗದರ್ಶಿ

“ನೆಟ್‌ವರ್ಕ್ ಈಸ್ ನಾಟ್ ಗೆಟಿಂಗ್.” “ಐ ಡಿಡ್ ನಾಟ್ ಗಾಟ್ ಯುವರ್ ಮೆಸೇಜ್.” “ಮಿಲ್ಕ್ ಗಾಟ್ ಓವರ್.” “ಐ ಗಾಟ್ ರಿಪೇರ್ಡ್ ಮೈ ಬೈಕ್.”

ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನಗೆ ಈ ನಾಲ್ಕು ವಾಕ್ಯ ಪ್ರತಿ ಬ್ಯಾಚಿನಲ್ಲೂ ಕೇಳಿಸುತ್ತವೆ. ಹೇಳುವವರು ಡಿಗ್ರಿ ಮುಗಿಸಿದವರು, ಕೆಲಸದಲ್ಲಿ ಇರುವವರು. ಗೆಟ್ ಪದ ಅವರಿಗೆ ಪ್ರೈಮರಿ ಶಾಲೆಯಿಂದ ಗೊತ್ತು. ಆದರೂ ಎಲ್ಲರೂ ಎಡವುವುದು ಇದೇ ಜಾಗದಲ್ಲಿ. ‘ಗೆಟ್ ಅಂದರೆ ಪಡೆ’ ಅಂತ ಎಂದೋ ಬಾಯಿಪಾಠ ಮಾಡಿದ್ದಾರೆ, ಅದು ಮನಸ್ಸಿನಿಂದ ಹೋಗಿಲ್ಲ.

ಮನೆಯಲ್ಲಿ ನಾವು ‘ಪಡೆದೆ’ ಅಂತ ಎಷ್ಟು ಸಲ ಹೇಳುತ್ತೇವೆ? ಹೇಳುವುದೇ ಇಲ್ಲ ಅಲ್ವಾ. ಸಿಕ್ತು, ಬಂತು, ಆಯ್ತು, ಮಾಡಿಸಿದೆ, ತಲುಪಿದೆ, ತಗೊಂಡು ಬಾ ಅಂತೀವಿ. ಈ ಮಾತುಗಳಿಂದ ಹೊರಟರೆ ಗೆಟ್ ಕೈಗೆ ಬೇಗ ಹತ್ತುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಕನ್ನಡದ ಕ್ರಿಯಾಪದ ಹಿಡಿದೇ ಜೋಡಿಸಿದ್ದೇನೆ. ಕ್ರಮ ತಪ್ಪಿಸಬೇಡಿ. ಐದನೇ ಹಂತ ಅರ್ಥವಾಗಬೇಕಾದರೆ ಎರಡನೆಯದು ಗಟ್ಟಿಯಾಗಿರಬೇಕು.

ಶುರು ಮಾಡುವ ಮೊದಲು: ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು, ರೆಕಾರ್ಡರ್ ಇರುವ ಫೋನ್. ಇದರ ಜೊತೆ ಒಂದು ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ನವರ ಇಂಥ ನಿಘಂಟುಗಳು ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಇಂಗ್ಲಿಷ್‌-ಕನ್ನಡ ನಿಘಂಟು ಅರ್ಥ ಕೊಡುತ್ತದೆ. ಆದರೆ ಗೆಟ್‌ನಂಥ ಪದಕ್ಕೆ ಅರ್ಥಕ್ಕಿಂತ ವಾಕ್ಯ ಮುಖ್ಯ. ಲರ್ನರ್ಸ್ ಡಿಕ್ಷನರಿಯಲ್ಲಿ ಪ್ರತಿ ಅರ್ಥದ ಕೆಳಗೂ ಎರಡು ಮೂರು ವಾಕ್ಯ ಇರುತ್ತವೆ. ಅವನ್ನು ಓದಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬಿಡಿ. ತಲೆಬರಹ ಕನ್ನಡದಲ್ಲೇ ಇರಲಿ: ಸಿಗು, ಆಗು, ಮಾಡಿಸು, ತಲುಪು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಎರಡು ವಾರದ ಕೆಲಸ.

ಹಂತ 1: ರೂಪಗಳನ್ನು ಮೊದಲು ಸರಿ ಮಾಡಿಕೊಳ್ಳಿ

ಈಗಿನದ್ದಕ್ಕೆ ಗೆಟ್. ಹೀ, ಶಿ, ಇಟ್ ಬಂದರೆ ಗೆಟ್ಸ್. ಆಗಿ ಹೋದದ್ದಕ್ಕೆ ಗಾಟ್. ನಡೆಯುತ್ತಾ ಇರುವುದಕ್ಕೆ ಗೆಟಿಂಗ್. ಬರೆಯುವಾಗ ಗೆಟಿಂಗ್‌ನಲ್ಲಿ ಟಿ ಅಕ್ಷರ ಎರಡು ಸಲ ಬರುತ್ತದೆ, ಒಂದೇ ಬರೆಯುವವರು ಜಾಸ್ತಿ.

ಇಲ್ಲಿ ಆಗುವ ದೊಡ್ಡ ತಪ್ಪು ‘ಡಿಡ್ ನಾಟ್ ಗಾಟ್’. ಡಿಡ್ ಬಂದ ಕೂಡಲೇ ಅದು ಹಿಂದಿನ ಕಾಲವನ್ನು ತಾನೇ ಹೊತ್ತುಕೊಳ್ಳುತ್ತದೆ. ಮುಂದಿನ ಪದ ಮತ್ತೆ ಹೊರಬೇಕಿಲ್ಲ. “ಐ ಡಿಡ್ ನಾಟ್ ಗೆಟ್ ಯುವರ್ ಮೆಸೇಜ್.” “ಡಿಡ್ ಯು ಗೆಟ್ ದ ಟಿಕೆಟ್?” ಕನ್ನಡದಲ್ಲೂ ಹೀಗೇ ನೋಡಿ. ‘ಸಿಕ್ಕಿತು ಇಲ್ಲ’ ಅನ್ನುವುದಿಲ್ಲ, ‘ಸಿಗಲಿಲ್ಲ’ ಅನ್ನುತ್ತೇವೆ. ಇಲ್ಲ ಸೇರಿದಾಗ ನಮ್ಮ ಕ್ರಿಯಾಪದವೂ ರೂಪ ಬದಲಿಸುತ್ತದೆ.

ಉಚ್ಚಾರದ ಬಗ್ಗೆ ಒಂದೇ ಮಾತು. ಗೆಟ್ ಹ್ರಸ್ವ. ಎಳೆದರೆ ಅದು ಮನೆ ಮುಂದಿನ ಗೇಟ್ ಆಗುತ್ತದೆ. ಫೋನಿನಲ್ಲಿ ಮಾತಾಡುವಾಗ ಇದರಿಂದ ನಿಜವಾಗಿ ಗೊಂದಲವಾಗುತ್ತದೆ.

ಈ ಹಂತ ಮುಗಿಯಿತು ಅನ್ನಲು ಒಂದು ಪರೀಕ್ಷೆ ಇದೆ. ‘ನನಗೆ ಸಂಬಳ ಬಂತು, ಬರಲಿಲ್ಲ, ಬಂತಾ, ಬರ್ತಾ ಇದೆ’ ಈ ನಾಲ್ಕನ್ನೂ ಗೆಟ್ ಹಾಕಿ ತಡವರಿಸದೆ ಹೇಳಿ. ತಡವರಿಸಿದರೆ ಇಲ್ಲೇ ಇನ್ನೊಂದು ದಿನ ಇರಿ.

ಹಂತ 2: ಗೆಟ್ ನಂತರ ಏನು ಬಂತು ಅಂತ ನೋಡಿ

ಗೆಟ್‌ನ ಅರ್ಥ ಗೆಟ್‌ನಲ್ಲಿ ಇಲ್ಲ, ಅದರ ಮುಂದೆ ನಿಂತ ಪದದಲ್ಲಿದೆ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ.

ಮುಂದೆ ವಸ್ತುವಿನ ಹೆಸರು ಬಂದರೆ ‘ಸಿಗು’ ಅಥವಾ ‘ತಗೊಂಡು ಬಾ’. “ಐ ಗಾಟ್ ಎ ಜಾಬ್,” ಕೆಲಸ ಸಿಕ್ಕಿತು.

ಮುಂದೆ ಗುಣ ಹೇಳುವ ಪದ ಬಂದರೆ ‘ಆಗು’. “ಇಟ್ ಈಸ್ ಗೆಟಿಂಗ್ ಡಾರ್ಕ್,” ಕತ್ತಲಾಗುತ್ತಿದೆ.

ಮುಂದೆ ಜಾಗ ಬಂದರೆ ‘ತಲುಪು’. “ವಿ ಗಾಟ್ ಟು ಮೈಸೂರು ಅಟ್ ನೈನ್,” ಒಂಬತ್ತಕ್ಕೆ ಮೈಸೂರು ತಲುಪಿದೆವು.

ಮುಂದೆ ವಸ್ತು ಬಂದು, ಅದರ ನಂತರ ಕ್ರಿಯಾಪದದ ಮೂರನೇ ರೂಪ ಬಂದರೆ ‘ಮಾಡಿಸು’. “ಐ ಗಾಟ್ ಮೈ ಬೈಕ್ ರಿಪೇರ್ಡ್,” ಬೈಕ್ ರಿಪೇರಿ ಮಾಡಿಸಿದೆ. ಮೂರನೇ ರೂಪ ಅಂದರೆ ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಅಂತ ಪಾಠ ಒಪ್ಪಿಸುತ್ತಿದ್ದೆವಲ್ಲ, ಅದರಲ್ಲಿ ಕೊನೆಯದು.

ಇವತ್ತು ಇಷ್ಟೇ ಅಭ್ಯಾಸ ಸಾಕು. ಇಂಗ್ಲಿಷ್ ಪೇಪರ್ ಓದುವಾಗಲೋ ವೀಡಿಯೊ ನೋಡುವಾಗಲೋ ಗೆಟ್ ಬಂದ ಕಡೆ ನಿಲ್ಲಿ. ಮುಂದಿನ ಪದ ನೋಡಿ. ನಾಲ್ಕರಲ್ಲಿ ಯಾವ ಪುಟಕ್ಕೆ ಸೇರುತ್ತದೋ ಅಲ್ಲಿ ಇಡೀ ವಾಕ್ಯ ಬರೆದುಕೊಳ್ಳಿ. ಬರೀ ಪದ ಬರೆದುಕೊಂಡರೆ ಪ್ರಯೋಜನವಿಲ್ಲ.

ಹಂತ 3: ‘ಸಿಗು’ – ‘ನನಗೆ’ಯನ್ನು ‘ನಾನು’ ಮಾಡಿ

ಈಗ ನೆಟ್‌ವರ್ಕ್ ವಾಕ್ಯಕ್ಕೆ ಬರೋಣ. ‘ನೆಟ್‌ವರ್ಕ್ ಸಿಗ್ತಿಲ್ಲ’ ಅನ್ನುವಾಗ ಕನ್ನಡದಲ್ಲಿ ಸಿಗುವ ಕೆಲಸ ನೆಟ್‌ವರ್ಕಿನದು. ನಾವು ‘ನನಗೆ’ ಅಂತ ಪಕ್ಕದಲ್ಲಿ ಇರುತ್ತೇವೆ, ಎಷ್ಟೋ ಸಲ ಹೇಳದೆ ಬಿಟ್ಟೇ ಬಿಡುತ್ತೇವೆ. ಇಂಗ್ಲಿಷಿನಲ್ಲಿ ಇದು ತಿರುಗುತ್ತದೆ. ಯಾರಿಗೆ ಸಿಗಬೇಕೋ ಅವರು ವಾಕ್ಯದ ಮೊದಲಿಗೆ ಬರಬೇಕು. ಸಿಗುವ ವಸ್ತು ಕೊನೆಗೆ ಹೋಗಬೇಕು.

ನೆಟ್‌ವರ್ಕ್ ಸಿಗ್ತಿಲ್ಲ: “ಐ ಆಮ್ ನಾಟ್ ಗೆಟಿಂಗ್ ಎನಿ ನೆಟ್‌ವರ್ಕ್.”
ಆಟೊ ಸಿಗಲಿಲ್ಲ: “ಐ ಡಿಡ್ ನಾಟ್ ಗೆಟ್ ಆನ್ ಆಟೊ.”
ಅವಳಿಗೆ ಸೀಟು ಸಿಕ್ಕಿತು: “ಶಿ ಗಾಟ್ ಎ ಸೀಟ್.”
ನಮಗೆ ರಜೆ ಸಿಗಲ್ಲ: “ವಿ ಡೋಂಟ್ ಗೆಟ್ ಲೀವ್.”

ಕೆಲಸದ ಕ್ರಮ ಹೀಗೆ. ಮೊದಲು ಮನಸ್ಸಿನಲ್ಲಿ ‘ಯಾರಿಗೆ?’ ಅಂತ ಕೇಳಿಕೊಳ್ಳಿ. ಉತ್ತರದಿಂದ ‘ಗೆ’ ತೆಗೆಯಿರಿ. ನನಗೆ ಅಂದರೆ ನಾನು, ಅವಳಿಗೆ ಅಂದರೆ ಅವಳು. ಅದನ್ನು ಮುಂದೆ ಇಡಿ. ಆಮೇಲೆ ಗೆಟ್, ಆಮೇಲೆ ವಸ್ತು. ಮೊದಮೊದಲು ನಿಧಾನ ಅನಿಸುತ್ತದೆ. ಮೂರು ನಾಲ್ಕು ದಿನ ಬಾಯಿಬಿಟ್ಟು ಹೇಳುತ್ತಾ ಹೋದರೆ ಯೋಚಿಸದೆ ಬರುತ್ತದೆ.

ಇದೇ ಪುಟಕ್ಕೆ ಸೇರುವ ಇನ್ನೂ ಮೂರು ಬಳಕೆಗಳಿವೆ. ತರುವುದಕ್ಕೂ ಗೆಟ್: “ಕ್ಯಾನ್ ಯು ಗೆಟ್ ಮಿ ಸಮ್ ವಾಟರ್?” ಸುಮ್ನೆ “ಗೆಟ್ ಮಿ ವಾಟರ್” ಅಂದರೆ ಹುಕುಂ ಮಾಡಿದ ಹಾಗೆ ಕೇಳುತ್ತದೆ, ಹಿರಿಯರಿಗಂತೂ ಹಾಗೆ ಹೇಳಬೇಡಿ. ಕೊಳ್ಳುವುದಕ್ಕೂ ಗೆಟ್: “ವೇರ್ ಡಿಡ್ ಯು ಗೆಟ್ ದಿಸ್ ಸೀರೆ?” ಅಂತ ಕೇಳಿದರೆ ಎಲ್ಲಿ ತಗೊಂಡಿರಿ ಅಂತ. ಕಾಯಿಲೆ ಬರುವುದಕ್ಕೂ ಗೆಟ್: “ಹೀ ಗಾಟ್ ಡೆಂಗಿ.”

ಎಚ್ಚರಿಕೆ: ಕನ್ನಡದ ಎಲ್ಲ ‘ಸಿಗು’ ಗೆಟ್ ಆಗುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮೂರನೇ ಹಂತದಲ್ಲಿ ಜಾಸ್ತಿ ಜನ ಎಡವುವುದು ಇದರಲ್ಲೇ.

ಕಳೆದುಹೋದದ್ದು ಸಿಕ್ಕರೆ ‘ಫೌಂಡ್’. ‘ಕೀ ಸಿಕ್ಕಿತು’ ಅನ್ನಲು “ಐ ಫೌಂಡ್ ದ ಕೀ.” “ಐ ಗಾಟ್ ದ ಕೀ” ಅಂದರೆ ಯಾರೋ ಕೊಟ್ಟರು ಅಥವಾ ನಾನು ಹೋಗಿ ತಂದೆ ಅನ್ನುವ ಅರ್ಥ ಬರುತ್ತದೆ.

ದಾರಿಯಲ್ಲಿ ಮನುಷ್ಯರು ಸಿಕ್ಕರೆ ‘ಮೆಟ್’ ಅಥವಾ ‘ರಾನ್ ಇಂಟು’. ‘ಮೇಷ್ಟ್ರು ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರು’ ಅನ್ನಲು “ಐ ರಾನ್ ಇಂಟು ಮೈ ಟೀಚರ್ ಅಟ್ ದ ಮಾರ್ಕೆಟ್.” ಇಲ್ಲಿ ಗಾಟ್ ಹಾಕಿದರೆ ಮೇಷ್ಟ್ರನ್ನು ಕೊಂಡು ತಂದ ಹಾಗಾಗುತ್ತದೆ.

ಫೋನಿಗೆ ಸಿಗದಿದ್ದರೆ ‘ರೀಚ್’. “ಐ ಕುಡ್ ನಾಟ್ ರೀಚ್ ಹಿಮ್.” ಗೆಟ್ಟೇ ಬೇಕು ಅನಿಸಿದರೆ “ಐ ಕುಡ್ ನಾಟ್ ಗೆಟ್ ಥ್ರೂ ಟು ಹಿಮ್” ಅನ್ನಬಹುದು.

ಹಂತ 4: ‘ಆಗು’ – ಹೆಸರನ್ನು ಬಿಟ್ಟು ಗುಣದ ಪದ ಹಿಡಿಯಿರಿ

ಕನ್ನಡದಲ್ಲಿ ನಿದ್ದೆ ಬರುತ್ತದೆ, ಕೋಪ ಬರುತ್ತದೆ, ಸುಸ್ತಾಗುತ್ತದೆ, ಹಸಿವಾಗುತ್ತದೆ. ನಿದ್ದೆ, ಕೋಪ, ಹಸಿವು ಇವೆಲ್ಲ ಹೆಸರುಗಳು. ಅವನ್ನೇ ಇಂಗ್ಲಿಷಿಗೆ ತಂದು “ಐ ಆಮ್ ಗೆಟಿಂಗ್ ಸ್ಲೀಪ್”, “ಐ ಆಮ್ ಗೆಟಿಂಗ್ ಆ್ಯಂಗರ್” ಅನ್ನುತ್ತೇವೆ. ಇಂಗ್ಲಿಷ್ ಇಲ್ಲಿ ಗುಣದ ಪದ ಕೇಳುತ್ತದೆ.

ಸ್ಲೀಪ್ ಬೇಡ, ಸ್ಲೀಪಿ: “ಐ ಆಮ್ ಗೆಟಿಂಗ್ ಸ್ಲೀಪಿ.”
ಆ್ಯಂಗರ್ ಬೇಡ, ಆ್ಯಂಗ್ರಿ: “ಹೀ ಗಾಟ್ ಆ್ಯಂಗ್ರಿ.”
ಹಂಗರ್ ಬೇಡ, ಹಂಗ್ರಿ: “ದ ಕಿಡ್ಸ್ ಆರ್ ಗೆಟಿಂಗ್ ಹಂಗ್ರಿ.”
ಬೋರ್ ಬೇಡ, ಬೋರ್ಡ್: “ಐ ಆಮ್ ಗೆಟಿಂಗ್ ಬೋರ್ಡ್.”

ಕೊನೆಯದರಲ್ಲಿ ಒಂದು ಬಿಕ್ಕಟ್ಟಿದೆ. ನಮಗೆ ಬೇಜಾರಾದರೆ ಬೋರ್ಡ್, ಬೇಜಾರು ಮಾಡುವ ಸಿನಿಮಾ ಬೋರಿಂಗ್. “ಐ ಆಮ್ ಗೆಟಿಂಗ್ ಬೋರಿಂಗ್” ಅಂದರೆ ನನ್ನ ಸಹವಾಸ ಜನರಿಗೆ ಸಾಕಾಗುತ್ತಿದೆ ಅಂತ ನೀವೇ ಹೇಳಿಕೊಂಡಂತೆ. ಸಂದರ್ಶನದಲ್ಲಿ ‘ಹಳೆ ಕೆಲಸ ಯಾಕೆ ಬಿಟ್ಟಿರಿ’ ಅಂದಾಗ ನನ್ನ ವಿದ್ಯಾರ್ಥಿಯೊಬ್ಬರು ಹೀಗೇ ಹೇಳಿ ಬಂದು ತುಂಬಾ ನೊಂದುಕೊಂಡಿದ್ದರು. ಅಂದಿನಿಂದ ಇದನ್ನು ಪ್ರತಿ ಬ್ಯಾಚಿಗೂ ಮೂರು ಸಲ ಹೇಳಿಸುತ್ತೇನೆ.

ತಲೆನೋವು, ಜ್ವರ ಇವು ಹೆಸರುಗಳೇ ಆಗಿ ಉಳಿಯುತ್ತವೆ, ಆದರೆ ಅವುಗಳಿಗೆ ಮೊದಲು ‘ಎ’ ಬೇಕು. “ಐ ಆಮ್ ಗೆಟಿಂಗ್ ಎ ಹೆಡೇಕ್” ಅಂದರೆ ತಲೆನೋವು ಈಗ ಶುರುವಾಗುತ್ತಿದೆ. ಬೆಳಗಿನಿಂದ ಇದ್ದರೆ “ಐ ಹ್ಯಾವ್ ಎ ಹೆಡೇಕ್.” ಡಾಕ್ಟರ ಹತ್ತಿರ ಈ ವ್ಯತ್ಯಾಸ ಮುಖ್ಯ.

‘ಲೇಟ್ ಆಯ್ತು’ ಅನ್ನುವುದರಲ್ಲಿ ಎರಡು ಅರ್ಥ ಇದೆ. ಹೊತ್ತಾಯಿತು ಅನ್ನುವುದಾದರೆ “ಇಟ್ ಈಸ್ ಗೆಟಿಂಗ್ ಲೇಟ್.” ನಾನು ಹೋಗುವುದು ತಡವಾಗುತ್ತಿದೆ ಅನ್ನುವುದಾದರೆ “ಐ ಆಮ್ ರನ್ನಿಂಗ್ ಲೇಟ್.” “ಐ ಆಮ್ ಗೆಟಿಂಗ್ ಲೇಟ್” ಅಂತ ನಮ್ಮ ದೇಶದಲ್ಲಿ ಎಲ್ಲರೂ ಹೇಳುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರ ಜೊತೆ ಕಾಲ್ ಇದ್ದರೆ ರನ್ನಿಂಗ್ ಲೇಟ್ ಅನ್ನಿ.

ಮದುವೆಗೂ ಗೆಟ್. “ಶಿ ಗಾಟ್ ಮ್ಯಾರಿಡ್ ಟು ಎ ಡಾಕ್ಟರ್.” ಡಾಕ್ಟರ ಜೊತೆ ಅನ್ನುವ ಲೆಕ್ಕದಲ್ಲಿ ‘ವಿತ್’ ಹಾಕುತ್ತೇವೆ, ಅದು ತಪ್ಪು. ‘ಟು’ ಬೇಕು.

ನಮ್ಮ ಕೈಮೀರಿ ಆದದ್ದಕ್ಕೆ ಗೆಟ್ ಜೊತೆ ಮೂರನೇ ರೂಪ ಸೇರುತ್ತದೆ. ಫೋನ್ ಕಳುವಾಯಿತು: “ಮೈ ಫೋನ್ ಗಾಟ್ ಸ್ಟೋಲನ್.” ಸೆಲೆಕ್ಟ್ ಆದೆ: “ಐ ಗಾಟ್ ಸೆಲೆಕ್ಟೆಡ್.” ಟ್ರಾನ್ಸ್‌ಫರ್ ಆಯಿತು: “ಹೀ ಗಾಟ್ ಟ್ರಾನ್ಸ್‌ಫರ್ಡ್.” ಪೊಲೀಸ್ ದೂರು ಬರೆಯುವಾಗ ಮಾತ್ರ ಗಾಟ್ ತೆಗೆದು ‘ವಾಸ್’ ಹಾಕಿ: “ಮೈ ಫೋನ್ ವಾಸ್ ಸ್ಟೋಲನ್.”

ಎಚ್ಚರಿಕೆ: ಇಲ್ಲಿ ಗೆಟ್ ಹಾಕಲೇಬಾರದು

‘ಆಗು’ ಕಂಡ ಕಡೆಯೆಲ್ಲ ಗೆಟ್ ಅಂದುಕೊಂಡರೆ ಹೊಸ ತಪ್ಪುಗಳು ಹುಟ್ಟುತ್ತವೆ.

ಪಾಸ್ ಆದೆ, ಫೇಲ್ ಆದೆ: “ಐ ಪಾಸ್ಡ್”, “ಐ ಫೇಲ್ಡ್”. ಗಾಟ್ ಪಾಸ್ಡ್, ಗಾಟ್ ಫೇಲ್ಡ್ ಎರಡೂ ತಪ್ಪು.

ಟೀಚರ್ ಆದಳು, ಎಂಜಿನಿಯರ್ ಆದ: ಇದಕ್ಕೆ ‘ಬಿಕೇಮ್’. “ಶಿ ಬಿಕೇಮ್ ಎ ಟೀಚರ್.” “ಶಿ ಗಾಟ್ ಎ ಟೀಚರ್” ಅಂದರೆ ಅವಳಿಗೊಬ್ಬ ಟೀಚರ್ ಸಿಕ್ಕರು ಅಂತ. ಎರಡನೇ ಹಂತದ ಮಾತು ನೆನಪಿಸಿಕೊಳ್ಳಿ: ಮುಂದೆ ಹೆಸರು ಬಂದರೆ ಸಿಗು.

ಹುಟ್ಟಿದ್ದು: “ಐ ವಾಸ್ ಬಾರ್ನ್.” ಗಾಟ್ ಬಾರ್ನ್ ಅಲ್ಲ.

ಮುಗಿದು ಹೋಯಿತು: ಇದು ನಮ್ಮೆಲ್ಲರ ಬಾಯಲ್ಲೂ ‘ಗಾಟ್ ಓವರ್’. ಕ್ಲಾಸ್ ಮುಗಿದರೆ “ದ ಕ್ಲಾಸ್ ಈಸ್ ಓವರ್.” ಸಿನಿಮಾ ಒಂಬತ್ತಕ್ಕೆ ಮುಗಿದರೆ “ದ ಮೂವಿ ಎಂಡೆಡ್ ಅಟ್ ನೈನ್.” ಹಾಲು ಖಾಲಿಯಾದರೆ “ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್.” ಇಂಗ್ಲಿಷಿನಲ್ಲಿ ‘ಗಾಟ್ ಓವರ್’ಗೆ ಬೇರೆಯದೇ ಅರ್ಥ ಇದೆ, ದುಃಖದಿಂದ ಅಥವಾ ಕಾಯಿಲೆಯಿಂದ ಚೇತರಿಸಿಕೊಳ್ಳುವುದು.

ಹಂತ 5: ‘ಮಾಡಿಸು’ – ಕನ್ನಡ ಬಲ್ಲವರಿಗೆ ಇಲ್ಲಿ ಲಾಭ ಇದೆ

ನನಗೆ ಹೇಳಿಕೊಡಲು ತುಂಬಾ ಇಷ್ಟವಾದ ಹಂತ ಇದು. ಗ್ರಾಮರ್ ಪುಸ್ತಕಗಳು ಇದನ್ನು ಕಷ್ಟದ ಪಾಠವಾಗಿ ಕೊನೆಯಲ್ಲಿ ಇಡುತ್ತವೆ. ಆದರೆ ಈ ಅರ್ಥ ಕನ್ನಡದವರಿಗೆ ರಕ್ತದಲ್ಲೇ ಇದೆ. ಮಾಡು ಮಾಡಿಸು, ಹೊಲಿ ಹೊಲಿಸು, ಕಟ್ಟು ಕಟ್ಟಿಸು, ಕೀಳು ಕೀಳಿಸು. ನಾವು ಒಂದು ‘ಇಸು’ ಸೇರಿಸಿ, ಕೆಲಸ ಮಾಡಿದ್ದು ಬೇರೆಯವರು, ಮಾಡಲು ಹೇಳಿದ್ದು ನಾವು ಅಂತ ತಿಳಿಸಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಆ ‘ಇಸು’ ಕೆಲಸವನ್ನು ಗೆಟ್ ಮಾಡುತ್ತದೆ.

‘ಇಸು’ ಬಿಟ್ಟರೆ ಏನಾಗುತ್ತದೆ ನೋಡಿ. “ಐ ಕಟ್ ಮೈ ಹೇರ್” ಅಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ. “ಐ ರಿಮೂವ್ಡ್ ಮೈ ಟೂತ್” ಅಂದರೆ ಹಲ್ಲನ್ನು ನೀವೇ ಕಿತ್ತುಕೊಂಡಿರಿ ಅಂತ. ಹೇಳಬೇಕಾದ್ದು “ಐ ಗಾಟ್ ಮೈ ಹೇರ್ ಕಟ್”, “ಐ ಗಾಟ್ ಮೈ ಟೂತ್ ರಿಮೂವ್ಡ್.”

ಪದಗಳ ಕ್ರಮವೇ ಇಲ್ಲಿ ಪ್ರಾಣ: ಯಾರು, ಗೆಟ್, ಯಾವುದನ್ನು, ಮೂರನೇ ರೂಪ.

ಬ್ಲೌಸ್ ಹೊಲಿಸಿದೆ: “ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್.”
ಗಾಡಿ ಸರ್ವಿಸ್ ಮಾಡಿಸಬೇಕು: “ಐ ನೀಡ್ ಟು ಗೆಟ್ ಮೈ ಸ್ಕೂಟರ್ ಸರ್ವಿಸ್ಡ್.”
ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ: “ವಿ ಆರ್ ಗೆಟಿಂಗ್ ದ ಹೌಸ್ ಪೇಂಟೆಡ್.”
ರಕ್ತ ಪರೀಕ್ಷೆ ಮಾಡಿಸಿದಿರಾ: “ಡಿಡ್ ಯು ಗೆಟ್ ಯುವರ್ ಬ್ಲಡ್ ಟೆಸ್ಟೆಡ್?”
ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆ: “ಐ ವಿಲ್ ಗೆಟ್ ದಿಸ್ ಫೋಟೊಕಾಪಿಡ್.”

ಮೊದಲಲ್ಲಿ ಹೇಳಿದ “ಐ ಗಾಟ್ ರಿಪೇರ್ಡ್ ಮೈ ಬೈಕ್” ಎಲ್ಲಿ ಕೆಟ್ಟಿತು ಅಂತ ಈಗ ಕಾಣುತ್ತದೆ. ಬೈಕ್ ಕೊನೆಗೆ ಹೋಗಿದೆ. ಗಾಟ್‌ಗೂ ರಿಪೇರ್ಡ್‌ಗೂ ನಡುವೆ ಬೈಕ್ ಇರಬೇಕು. ಬ್ರೆಡ್ಡಿನ ಎರಡು ಹೋಳುಗಳ ನಡುವೆ ಪಲ್ಯ ಇಟ್ಟ ಹಾಗೆ ಅಂತ ಕ್ಲಾಸಿನಲ್ಲಿ ಹೇಳುತ್ತೇನೆ, ಆಮೇಲೆ ಯಾರೂ ಮರೆಯುವುದಿಲ್ಲ.

ಯಾರ ಕೈಲಿ ಮಾಡಿಸಿದೆ ಅಂತಲೂ ಹೇಳಬೇಕಾದರೆ ಅಚ್ಚು ಬದಲಾಗುತ್ತದೆ: ಯಾರು, ಗೆಟ್, ಯಾರ ಕೈಲಿ, ಟು, ಮೊದಲನೇ ರೂಪ. ಪ್ಲಂಬರ್ ಕೈಲಿ ನಲ್ಲಿ ರಿಪೇರಿ ಮಾಡಿಸಿದೆ: “ಐ ಗಾಟ್ ದ ಪ್ಲಂಬರ್ ಟು ಫಿಕ್ಸ್ ದ ಟ್ಯಾಪ್.” ಮಗನನ್ನು ಹೇಗೋ ಒಪ್ಪಿಸಿ ಹಾಲು ಕುಡಿಸಿದೆ: “ಐ ಗಾಟ್ ಮೈ ಸನ್ ಟು ಡ್ರಿಂಕ್ ಹಿಸ್ ಮಿಲ್ಕ್.” ಹೀಗೆ ಹೇಳಿದಾಗ ಸ್ವಲ್ಪ ಪುಸಲಾಯಿಸಿದ, ಒಪ್ಪಿಸಿದ ಭಾವವೂ ಬರಬಹುದು. ಇಲ್ಲಿ ‘ಟು’ ಬಿಡಬೇಡಿ. ಗೆಟ್ ಬದಲು ‘ಮೇಕ್’ ಅಥವಾ ‘ಹ್ಯಾವ್’ ಹಾಕಿದರೆ ಮಾತ್ರ ‘ಟು’ ಬರುವುದಿಲ್ಲ: “ಐ ಮೇಡ್ ಹಿಮ್ ಡ್ರಿಂಕ್ ಇಟ್.” ಈ ಎರಡನ್ನು ಅದಲುಬದಲು ಮಾಡುವವರು ಬಹಳ.

ಈ ಹಂತಕ್ಕೆ ಮೂರು ದಿನ ಕೊಡಿ. ಕಳೆದ ತಿಂಗಳು ದುಡ್ಡು ಕೊಟ್ಟು ಮಾಡಿಸಿದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ: ಇಸ್ತ್ರಿ, ಗ್ಯಾಸ್ ಸ್ಟೌ ರಿಪೇರಿ, ಫೋನಿನ ಸ್ಕ್ರೀನ್, ಮಗುವಿನ ಲಸಿಕೆ. ಒಂದೊಂದಕ್ಕೂ ಒಂದು ವಾಕ್ಯ ಮಾಡಿ ರೆಕಾರ್ಡ್ ಮಾಡಿ. ನಿಮ್ಮ ಬದುಕಿನ ವಾಕ್ಯಗಳು ಪುಸ್ತಕದ ವಾಕ್ಯಗಳಿಗಿಂತ ಬೇಗ ಕೂರುತ್ತವೆ.

ಹಂತ 6: ‘ತಲುಪು’ ಮತ್ತು ಹತ್ತು, ಇಳಿ

ಜಾಗದ ಹೆಸರಿಗೆ ಮೊದಲು ‘ಟು’ ಬೇಕು: “ಗೆಟ್ ಟು ದ ಆಫೀಸ್”, “ಗೆಟ್ ಟು ಹುಬ್ಬಳ್ಳಿ”. ಹೋಮ್, ಹಿಯರ್, ದೇರ್ ಈ ಮೂರಕ್ಕೆ ‘ಟು’ ಬೇಡ: “ಐ ಗಾಟ್ ಹೋಮ್ ಅಟ್ ಟೆನ್.” ‘ಗಾಟ್ ಟು ಹೋಮ್’ ಕೇಳಿದ ಕೂಡಲೇ ತಿದ್ದಿಕೊಳ್ಳಿ. ದಾರಿ ಕೇಳಲು “ಹೌ ಡು ಐ ಗೆಟ್ ಟು ಮೆಜೆಸ್ಟಿಕ್?” ಅಂದರೆ ಸಾಕು, ಅಚ್ಚುಕಟ್ಟಾದ ಪ್ರಶ್ನೆ.

ಇಳಿಯುವುದಕ್ಕೆ ನಾವೆಲ್ಲ ‘ಗೆಟ್ ಡೌನ್’ ಅನ್ನುತ್ತೇವೆ. ಬಸ್ಸಿನಿಂದ ಇಳಿಯುವುದು ‘ಗೆಟ್ ಆಫ್’, ಕಾರಿನಿಂದ ಇಳಿಯುವುದು ‘ಗೆಟ್ ಔಟ್ ಆಫ್’. ಗೆಟ್ ಡೌನ್ ಅಂದರೆ ಮರದಿಂದಲೋ ಏಣಿಯಿಂದಲೋ ಕೆಳಗೆ ಇಳಿ, ಇಲ್ಲವೇ ತಲೆ ತಗ್ಗಿಸಿ ಬಗ್ಗು ಅಂತ. ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗಿಗೆ ಆನ್ ಮತ್ತು ಆಫ್. ಬಗ್ಗಿ ಕೂರಬೇಕಾದ ಕಾರು, ಟ್ಯಾಕ್ಸಿ, ಆಟೊಗೆ ಇನ್ ಮತ್ತು ಔಟ್. ಸೈಕಲ್, ಬೈಕ್, ಕುದುರೆ ಬೆನ್ನು ಹತ್ತುವಂಥವು, ಅವಕ್ಕೂ ಆನ್ ಮತ್ತು ಆಫ್.

ಒಂದು ಸೂಕ್ಷ್ಮ. ಅತಿಥಿಗಳನ್ನು ಕಾರಿನಿಂದ ಇಳಿಸುವಾಗ ಬರೀ “ಗೆಟ್ ಔಟ್” ಅನ್ನಬೇಡಿ, ಹೊರಗೆ ಹೋಗು ಅಂತ ಬೈದ ಹಾಗಾಗುತ್ತದೆ. “ಯು ಕ್ಯಾನ್ ಗೆಟ್ ಔಟ್ ಹಿಯರ್” ಅಥವಾ “ವಿ ಆರ್ ಹಿಯರ್” ಅನ್ನಿ.

ಹಂತ 7: ಒಂದೇ ತರ ಕಾಣುವ ಮೂವರು

“ಐ ಹ್ಯಾವ್ ಗಾಟ್ ಟೂ ಕಿಡ್ಸ್.” ನನಗೆ ಇಬ್ಬರು ಮಕ್ಕಳಿದ್ದಾರೆ. ಇಲ್ಲಿ ಗಾಟ್‌ಗೆ ಸಿಕ್ಕಿದ ಅರ್ಥವೇ ಇಲ್ಲ, ಇದೆ ಅಂತ ಅಷ್ಟೇ. ಮಾತಿನಲ್ಲಿ ಅದು ‘ಐವ್ ಗಾಟ್’ ಆಗುತ್ತದೆ. ಪ್ರಶ್ನೆ ಕೇಳುವಾಗ “ಹ್ಯಾವ್ ಯು ಗಾಟ್ ಎ ಪೆನ್?” ಅಥವಾ “ಡು ಯು ಹ್ಯಾವ್ ಎ ಪೆನ್?” ಎರಡನ್ನೂ ಸೇರಿಸಿ ‘ಡು ಯು ಹ್ಯಾವ್ ಗಾಟ್’ ಅನ್ನಬೇಡಿ.

“ಐ ಹ್ಯಾವ್ ಗಾಟ್ ಟು ಮೀಟ್ ಹರ್.” ಅವರನ್ನು ನೋಡಲೇಬೇಕು, ಬೇರೆ ದಾರಿ ಇಲ್ಲ.

“ಐ ಗಾಟ್ ಟು ಮೀಟ್ ಹರ್.” ಅವರನ್ನು ನೋಡುವ ಅವಕಾಶ ಸಿಕ್ಕಿತು, ಖುಷಿಯಾಯಿತು.

ಕೊನೆಯ ಎರಡರ ನಡುವೆ ಇರುವುದು ಒಂದು ‘ಹ್ಯಾವ್’. ಬೇಗ ಮಾತಾಡುವಾಗ ಅದು ನುಂಗಿಹೋಗುತ್ತದೆ, ಬಾಯಿಮಾತಿನಲ್ಲಿ ಎಷ್ಟೋ ಜನ ಅದನ್ನು ಬಿಟ್ಟೇ ಬಿಡುತ್ತಾರೆ. ಆಗ ಸಂದರ್ಭ ನೋಡಿಯೇ ತಿಳಿಯಬೇಕು. ನೀವು ಹೇಳುವಾಗ ಮಾತ್ರ ‘ಐವ್’ ಸ್ಪಷ್ಟವಾಗಿ ಕೇಳಿಸಲಿ.

ಅಮೆರಿಕದಲ್ಲಿರುವ ಮಕ್ಕಳು ಮೊಮ್ಮಕ್ಕಳ ಜೊತೆ ಮಾತಾಡುವವರಿಗೆ ‘ಗಾಟನ್’ ಕಿವಿಗೆ ಬಿದ್ದಿರುತ್ತದೆ. ಅದು ಅಲ್ಲಿನ ಮೂರನೇ ರೂಪ. “ಇಟ್ ಹ್ಯಾಸ್ ಗಾಟನ್ ಕೋಲ್ಡ್,” ಚಳಿಯಾಗಿದೆ. ಬ್ರಿಟನ್ನಿನಲ್ಲಿ ಮತ್ತು ನಮ್ಮಲ್ಲಿ ಸಾಮಾನ್ಯವಾಗಿ ಇದಕ್ಕೂ ಗಾಟ್ ಅನ್ನುತ್ತಾರೆ. ಅಮೆರಿಕದಲ್ಲೂ ‘ನನ್ನ ಹತ್ತಿರ ಇದೆ’ ಅನ್ನಲು ಗಾಟ್ ಅಂತಲೇ ಹೇಳುತ್ತಾರೆ, ಗಾಟನ್ ಅಲ್ಲ.

ಹಂತ 8: ಜೋಡಿ ಪದಗಳು, ಸದ್ಯಕ್ಕೆ ಇಷ್ಟು ಸಾಕು

ಗೆಟ್ ಜೊತೆ ಸಣ್ಣ ಪದ ಸೇರಿ ಆಗುವ ಜೋಡಿಗಳು ಹತ್ತಾರು ಇವೆ. ಎಲ್ಲವನ್ನೂ ಒಟ್ಟಿಗೆ ಉರು ಹೊಡೆಯಲು ಹೋದವರು ಒಂದನ್ನೂ ಬಳಸುವುದಿಲ್ಲ. ದಿನವೂ ಬೇಕಾಗುವ ಕೆಲವನ್ನು ಮಾತ್ರ ಹಿಡಿಯಿರಿ.

ಗೆಟ್ ಅಪ್ ಅಂದರೆ ಹಾಸಿಗೆ ಬಿಟ್ಟು ಏಳುವುದು. ಎಚ್ಚರವಾಗುವುದು ವೇಕ್ ಅಪ್. “ಐ ವೋಕ್ ಅಪ್ ಅಟ್ ಫೈವ್ ಬಟ್ ಗಾಟ್ ಅಪ್ ಅಟ್ ಸಿಕ್ಸ್.”

ಗೆಟ್ ಬ್ಯಾಕ್ ಟು ಅಂದರೆ ಆಮೇಲೆ ಉತ್ತರ ಕೊಡುವುದು. “ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಈವ್ನಿಂಗ್.” ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಗೆಟ್ ಅಲಾಂಗ್ ವಿತ್ ಅಂದರೆ ಹೊಂದಿಕೊಂಡು ಹೋಗುವುದು. ಗೆಟ್ ರಿಡ್ ಆಫ್ ಅಂದರೆ ಬೇಡದ್ದನ್ನು ತೊಲಗಿಸುವುದು, ಜಿರಳೆ ಇರಲಿ, ಕೆಟ್ಟ ಚಟ ಇರಲಿ.

ಗೆಟ್ ಯೂಸ್ಡ್ ಟು ಅಂದರೆ ರೂಢಿಯಾಗುವುದು. ಇದರ ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ಸೇರಬೇಕು: “ಐ ಗಾಟ್ ಯೂಸ್ಡ್ ಟು ಲಿವಿಂಗ್ ಅಲೋನ್.” “ಐ ಯೂಸ್ಡ್ ಟು ಲಿವ್ ಅಲೋನ್” ಅಂದರೆ ಬೇರೆ ಅರ್ಥ, ಮೊದಲು ಒಬ್ಬನೇ ಇರುತ್ತಿದ್ದೆ, ಈಗ ಇಲ್ಲ ಅಂತ.

ಗಾಟ್ ಇಟ್ ಅಂದರೆ ಅರ್ಥ ಆಯ್ತು. ಹಿರಿಯ ಅಧಿಕಾರಿಗಳಿಗೆ “ಐ ಅಂಡರ್‌ಸ್ಟಾಂಡ್” ಇನ್ನೂ ಚೆನ್ನ. ಗೆಟ್ ಲಾಸ್ಟ್ ಅಂದರೆ ದಾರಿ ತಪ್ಪುವುದು: “ವಿ ಗಾಟ್ ಲಾಸ್ಟ್ ಇನ್ ಚಿಕ್ಕಪೇಟೆ.” ಆದರೆ ಎದುರಿಗಿರುವವರಿಗೆ ನೇರವಾಗಿ ಹೇಳಿದರೆ ತೊಲಗು ಅಂತ.

ಹಂತ 9: ಬರವಣಿಗೆಯಲ್ಲಿ ಗೆಟ್ ಕಡಿಮೆ ಮಾಡಿ

ಮಾತಿಗೂ ವಾಟ್ಸ್‌ಆ್ಯಪ್‌ಗೂ ಗೆಟ್ ಚೆನ್ನಾಗಿ ಒಪ್ಪುತ್ತದೆ. ಕೆಲಸದ ಅರ್ಜಿ, ಬ್ಯಾಂಕಿಗೆ ಪತ್ರ, ಪ್ರಾಜೆಕ್ಟ್ ವರದಿಯಲ್ಲಿ ಹಗುರ ಅನಿಸುತ್ತದೆ. ನಿಮ್ಮ ನಾಲ್ಕು ಪುಟ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಸಿಗು ಪುಟದ್ದಾದರೆ ‘ರಿಸೀವ್’ ಅಥವಾ ‘ಆಬ್ಟೇನ್’, ಆಗು ಪುಟದ್ದಾದರೆ ‘ಬಿಕಮ್’, ತಲುಪು ಪುಟದ್ದಾದರೆ ‘ರೀಚ್’ ಅಥವಾ ‘ಅರೈವ್’, ಮಾಡಿಸು ಪುಟದ್ದಾದರೆ ‘ಹ್ಯಾವ್’. “ಐ ಹ್ಯಾಡ್ ದ ಡಾಕ್ಯುಮೆಂಟ್ಸ್ ವೆರಿಫೈಡ್.” ಇದರಲ್ಲೂ ಪದಗಳ ಕ್ರಮ ಐದನೇ ಹಂತದ್ದೇ.

ಸಹೋದ್ಯೋಗಿಗೆ “ಐ ಗಾಟ್ ಯುವರ್ ಮೇಲ್” ಅಂತ ಬರೆದರೆ ತಪ್ಪೇನಿಲ್ಲ. ಎಲ್ಲ ಕಡೆ ಗೆಟ್ ಕಿತ್ತುಹಾಕಿ ಭಾರದ ಪದ ತುಂಬಿದರೆ ಮಾತು ಸರ್ಕಾರಿ ಸುತ್ತೋಲೆಯ ಹಾಗಾಗುತ್ತದೆ.

ಸರಿಯಾಗಿ ಹೋಗುತ್ತಿಲ್ಲ ಅನ್ನುವ ಗುರುತುಗಳು

ನಿಮ್ಮ ವಾಕ್ಯದ ಮೊದಲಲ್ಲಿ ಬಸ್ಸು, ನೆಟ್‌ವರ್ಕ್, ನೀರು ಬಂದು ಹಿಂದೆ ಗೆಟಿಂಗ್ ಬರುತ್ತಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ಗಾಟ್ ಪಕ್ಕದಲ್ಲೇ ರಿಪೇರ್ಡ್, ಸ್ಟಿಚ್ಡ್ ಅಂಟಿಕೊಂಡು ವಸ್ತು ಕೊನೆಗೆ ಬೀಳುತ್ತಿದ್ದರೆ ಐದಕ್ಕೆ ಹೋಗಿ. ಒಂದೇ ನಿಮಿಷದ ಮಾತಿನಲ್ಲಿ ಏಳೆಂಟು ಗೆಟ್ ಬಂದರೆ ಅದೂ ಒಂದು ಗುರುತೇ, ಬೇಡದ ಕಡೆ ಹಾಕುತ್ತಿದ್ದೀರಿ. ಆಗ ನಾಲ್ಕನೇ ಹಂತದ ಎಚ್ಚರಿಕೆ ಮತ್ತೆ ಓದಿ. ನಿಮಗೆ ಸರಿಯಾಗಿಯೇ ಕೇಳಿಸಿ, ಕೇಳುವವರು ಮಾತ್ರ “ವಾಟ್ ಡು ಯು ಮೀನ್?” ಅಂತ ಪದೇಪದೇ ಕೇಳುತ್ತಿದ್ದರೆ ಅವರು ಅಂದ ಕೂಡಲೇ ನಿಮ್ಮ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿಡಿ. ತಿದ್ದುವುದು ಆಮೇಲೆ.

ಎರಡನೇ ವಾರದ ಕೊನೆಗೆ ಒಂದು ಕೆಲಸ ಮಾಡಿ. ‘ನಿನ್ನೆ ನನ್ನ ದಿನ’ ಅಂತ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಎದ್ದದ್ದು, ಬಸ್ಸು ಸಿಕ್ಕಿದ್ದು, ಆಫೀಸ್ ತಲುಪಿದ್ದು, ಏನಾದರೂ ಮಾಡಿಸಿದ್ದು, ಸುಸ್ತಾದದ್ದು ಎಲ್ಲ ಅದರಲ್ಲಿ ಬರಲಿ. ಅವತ್ತೇ ಕೇಳಬೇಡಿ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನೋಟ್‌ಬುಕ್ ತೆರೆದಿಟ್ಟುಕೊಂಡು ಕೇಳಿ. ಒಂದೊಂದು ಗೆಟ್ ಬಂದಾಗಲೂ ನಿಲ್ಲಿಸಿ, ಅದು ಯಾವ ಪುಟದ್ದು ಅಂತ ಬೆರಳಿಟ್ಟು ತೋರಿಸಿ. ಯಾವ ಪುಟಕ್ಕೂ ಸೇರದ ಗೆಟ್ ಸಿಕ್ಕರೆ ಆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಮತ್ತೆ ಇಂಗ್ಲಿಷಿನಲ್ಲಿ ಮಾಡಿ.